ವೇದಿಕೆಗೆ ಹೋದ ಬೋಗುಣಿ

ಗುಡ್ ಫ್ರೈಡೇ ದಿನ ಉಪವಾಸವಿದ್ದುಕೊಂಡೇ ನ್ಗಲಾಖ್ ಕಲಸುವುದು ನಮ್ಮ ಕ್ಯಾಥೊಲಿಕರ ಮನೆಗಳ ಪದ್ಧತಿ. ಸಜ್ಜೆ, ಕಡಲೆಕಾಯಿ, ಬಾವೊಬಾಬ್ ಹಣ್ಣು ಹಾಕಿದ ಆ ಸಿಹಿ ಗಂಜಿಯ ದೊಡ್ಡ ಬೋಗುಣಿ ಪಕ್ಕದ ಮನೆಯ ಮುಸ್ಲಿಂ ಗೆಳತಿ ಕುಂಬಾಳಿಗೆ ಹೋಗುತ್ತದೆ. ಮೂವತ್ತು ವರ್ಷದಿಂದ ಹೀಗೇ.

ಈ ಸಲ ರಾಜಧಾನಿ ದಕಾರ್‌ನಿಂದ ಬಂದಿದ್ದ ಸರ್ವಧರ್ಮ ಸಂವಾದದ ಸಂಘಟಕ ಬಾಜಾನ್, ಅದನ್ನು ಸಭೆಯ ವೇದಿಕೆಯ ಮೇಲೇ ಕೊಡಬೇಕೆಂದ. ಕೊಟ್ಟೆ. ಕುಂಬಾ ಚಮಚ ಅದ್ದುವಷ್ಟರಲ್ಲಿ ತಡೆದ.

"ತಾಳಿ ಅಮ್ಮ, ಫೋಟೊ ಸರಿ ಬಂದಿಲ್ಲ. ಇನ್ನೊಂದ್ಸಲ ಕೊಡಿ. ನಿಮ್ಮ ಶಿಲುಬೆ ಕಾಣೋ ಹಾಗಿರ್ಲಿ. ಇವ್ರು ತಲೆ ತುಂಬಾ ಬಟ್ಟೆ ಹೊದ್ಕೊಳ್ಳಲಿ."

ನಾಲ್ಕು ಸಲ ಕೊಟ್ಟೆ.

"ಅಗಾತ್, ಇದು ತಿನ್ನೋಕಾ, ಇಲ್ಲ ತೋರ್ಸೋಕಾ?" ಎಂದು ಕುಂಬಾ ನನ್ನ ಕಿವಿಯಲ್ಲಿ ಗೊಣಗಿದಳು.

ಬೋಗುಣಿ ವೇದಿಕೆಯ ಮೇಜಿನ ಮೇಲೇ ಉಳಿಯಿತು. ಪಾದ್ರಿಗಳೂ ಇಮಾಮರೂ ಹಂಚಿಕೊಂಡು ಉಣ್ಣುವುದರ ಬಗ್ಗೆ ಮೂರು ಗಂಟೆ ಮಾತಾಡಿದರು. ಆ ಸೆಕೆಗೆ ಗಂಜಿ ಹುಳಿಯಾಗಿ ನೊಣ ಮುತ್ತಿದವು. ಒಂದು ನೊಣ ಅದರಲ್ಲೇ ಬಿದ್ದು ಒದ್ದಾಡಿತು. ಕೊನೆಗೆ ಬಾಜಾನ್ ಬೋಗುಣಿಯನ್ನು ಥಳಥಳ ತೊಳೆಸಿ ತಂದುಕೊಟ್ಟ.

"ಕೆಟ್ಟುಹೋಗಿತ್ತು, ಚರಂಡಿಗೆ ಚೆಲ್ಲಿಸ್ದೆ. ಫೋಟೊ ಮಾತ್ರ ಅದ್ಭುತ ಅಮ್ಮ."

ಅವನ ಮುಖಕ್ಕೆ ಉಗಿಯೋಣವೆಂದರೆ ಉಪವಾಸದ ಬಾಯಲ್ಲಿ ಎಂಜಲೂ ಇರಲಿಲ್ಲ.

ನಾವಿಬ್ಬರೂ ಮನೆಗೆ ಮರಳಿದಾಗ ಕುಂಬಾಳ ಮುದಿ ಅತ್ತೆ ಬೆಳಗಿನಿಂದ ಚಮಚ ಹಿಡಿದು ಬಾಗಿಲಲ್ಲೇ ಕೂತಿದ್ದಳು. ನಮ್ಮ ಕೈಯಿಂದ ಬೋಗುಣಿ ಇಸಿದುಕೊಂಡು, ಒಳಗೆ ಬಗ್ಗಿ ನೋಡಿ, ನನ್ನ ಕಡೆ ಕಣ್ಣೆತ್ತಿದಳು.

"ಯಾಕವ್ವಾ, ನಮ್ಮಿಂದ ಏನಾದ್ರೂ ತಪ್ಪಾಯ್ತಾ?"