ಏಳನೇ ಟವರಿನ ಸಬ್ ಠೀಕ್

ಏಳನೇ ಟವರು, ಮೂರು ಗಂಟೆ, ಸಬ್ ಠೀಕ್, ನಾಲ್ಕು ಗಂಟೆ, ಸಬ್ ಠೀಕ್ — ಗೊಲ್ಲಾಳಪ್ಪನ ಬೆರಳು ಕಾಲಂ ಗುಂಟ ಇಳಿಯುತ್ತ ತಟ್ಟನೆ ನಿಂತಿತು, ಇದು ಎರಡು ಸಾವಿರದ ಹನ್ನೊಂದರ ರಜಿಸ್ಟರು, ಏಳನೇ ಟವರನ್ನು ಎರಡು ಸಾವಿರದ ನಾಲ್ಕರಲ್ಲೇ ಕೆಡವಿದ್ದರಲ್ಲ, ರನ್‌ವೇ ಉದ್ದ ಮಾಡುವಾಗ ತಾನೇ ಎದುರು ನಿಂತು ಕೆಡವಿಸಿದ್ದ, ಇಲ್ಲದ ಟವರಿನಿಂದ ಏಳು ವರ್ಷ ಎಲ್ಲ ಸರಿಯಿದೆ ಎಂದು ಹೇಳಿದವರು ಯಾರು — ವಾಯುಪಡೆ ಪೊಲೀಸರ ಈ ತುಕಡಿಗೆ ಐವತ್ತು ವರ್ಷ ತುಂಬಿತು, ನೀವೇ ಚರಿತ್ರೆ ಬರೆಯಿರಿ, ನಿವೃತ್ತರಲ್ಲಿ ನಿಮ್ಮಷ್ಟು ನೆನಪು ಯಾರಿಗಿದೆ, ಎಂದಿದ್ದರು ತುಕಡಿಯ ಈಗಿನ ಮುಖ್ಯಸ್ಥ ವಿಶ್ವಜಿತ್ ಸಾಹೇಬರು, ಮೂವತ್ತು ಪುಟ ಸಾಕು, ಕೊನೆಗೆ ಕರ್ತವ್ಯದಲ್ಲಿ ಸತ್ತವರ ಪಟ್ಟಿ. ನೆನಪಿಗೇನು ಬರ, ಬೇಡವೆಂದರೂ ಬಿಡದು. ಗಂಟೆಗೊಮ್ಮೆ ಗಾರ್ಡ್ ರೂಮಿನಿಂದ ಪ್ರತಿ ಟವರಿಗೂ ಫೋನು, ಅಲ್ಲಿಂದ ಬಂದ ಉತ್ತರ ಆಯಾ ಕಾಲಂನಲ್ಲಿ, ಖಾಲಿ ಬಿಟ್ಟವನಿಗೆ ಶಿಕ್ಷೆ, ಹಾಗಾಗಿ ಟವರು ಹೋದರೂ ಅಚ್ಚಾದ ಕಾಲಂ ಉಳಿಯಿತು, ಹದಿನೈದರ ರಜಿಸ್ಟರು, ಇಪ್ಪತ್ತರದ್ದು, ಯಾರ್ಯಾರದೋ ಅಕ್ಷರದಲ್ಲಿ ಅದೇ ಮಾತು, ಟವರು ಕೆಡವಿದ ಮೇಲೆ ಮೊದಲು ಶುರು ಮಾಡಿದ ಅಕ್ಷರ ಮಾತ್ರ ತನ್ನದು.

ತೊಂಬತ್ಮೂರರ ಮೇ, ಸಿಕಂದರಾಬಾದಿನ ಡಾಂಬರು ಬೂಟಿಗೆ ಅಂಟುತ್ತಿದ್ದ ದಿನ, ಏಳನೇ ಟವರಿನ ಮೇಲೆ ಆಳಂದದ ಅಂಬಾದಾಸ, ಗಾರ್ಡ್ ರೂಮಿನಲ್ಲಿ ತಾನು, ಒಂದು ಗಂಟೆಗೇ ಐದರವರೆಗಿನ ಸಬ್ ಠೀಕ್ ಬರೆದಿಟ್ಟು ಎರಡೂವರೆಗೆ ಊಟಕ್ಕೆ ಕೂತಿದ್ದ, ಎಲ್ಲರೂ ಹಾಗೇ ಮಾಡುತ್ತಿದ್ದರು — ಎಲ್ಲರೂ, ಇದೊಂದು ಮಾತಿನ ಹಿಂದೆ ಅಡಗಿ ಮೂವತ್ತು ವರ್ಷ ಕಳೆದನಲ್ಲ, ನಾಚಿಕೆಗೇಡಿ. ಎರಡು ನಲವತ್ತಕ್ಕೆ ಏಳರ ಫೋನು ರಿಂಗಾಯಿತು, ನಿಂತಿತು, ಮತ್ತೆ ರಿಂಗಾಯಿತು, ಕೈಯಲ್ಲಿ ತುತ್ತು, ಮೂರರದ್ದು ಬರೆದಾಗಿದೆಯಲ್ಲ, ಆಮೇಲೆ ಕೇಳಿದರಾಯಿತು. ಐದೂವರೆಗೆ ಅಂಬಾದಾಸ ಸಿಕ್ಕಿದ್ದು ಗಾರ್ಡ್ ರೂಮಿನ ದಾರಿಯ ಬೇವಿನ ಬುಡದಲ್ಲಿ, ಬಿಸಿಲು ಬಡಿದು ಸತ್ತಿದ್ದ, ಕೈ ಆಗಲೇ ಸೆಟೆದಿತ್ತು. ರಜಿಸ್ಟರಿನ ಪ್ರಕಾರ ಐದಕ್ಕೆ ಟವರಿನ ಮೇಲೆ ಕ್ಷೇಮವಾಗಿದ್ದವನು ಆನಂತರ ಇಚ್ಛೆಯಿಂದ ಜಾಗ ಬಿಟ್ಟಿದ್ದಾನೆ, ಎಂದಿತು ವಿಚಾರಣೆ, ಕರ್ತವ್ಯದಲ್ಲಿ ಸತ್ತವರ ಸ್ಮಾರಕದ ಕಲ್ಲಿನಲ್ಲಿ ಹೆಸರು ಬರಲಿಲ್ಲ. ಅವನ ಹೆಂಡತಿ ಉಮಾಬಾಯಿ ದಿಲ್‌ಸುಖ್‌ನಗರದ ಹಾಸ್ಟೆಲಿನಲ್ಲಿ ಈಗಲೂ ರೊಟ್ಟಿ ಬಡಿಯುತ್ತಾಳೆ, ಮೊನ್ನೆ ಫೋನಿನಲ್ಲಿ, ಅಣ್ಣಾರ, ಬುಕ್ಕಿನ್ಯಾಗ ಇವ್ರ ಹೆಸರು ಬರ್ತೈತೇನ್ರಿ, ಮಂದಿ ಇನ್ನೂ ಓಡಿಹೋದಾವನ ಹೇಣ್ತಿ ಅಂತಾರ್ರಿ, ನೋಡೂಣವಾ ಅಂದುಬಿಟ್ಟ, ನೋಡುವುದೇನಿತ್ತು.

ರೆಕಾರ್ಡ್ ರೂಮಿನಿಂದ ಎದ್ದು ಪಕ್ಕದ ಗಾರ್ಡ್ ರೂಮಿಗೆ ಬಂದ, ಇವತ್ತಿನ ರಜಿಸ್ಟರು, ಗಡಿಯಾರದಲ್ಲಿ ಎರಡು ಮೂವತ್ತೈದು, ಏಳರ ಕಾಲಂನಲ್ಲಿ ಮೂರು ಗಂಟೆಯ ಸಬ್ ಠೀಕ್ ಆಗಲೇ ಕೂತಿದೆ. ಏನೋ ತಮ್ಮಾ ಇದು, ಕಾವಲಿಗಿದ್ದ ರಾಯಚೂರಿನ ಪವನ ತಲೆ ಕೆರೆದುಕೊಂಡ, ರೂಢಿ ಐತ್ರಿ ಸರ್, ಬರದಿಟ್ರ ಅದು ಸುಮ್ನಿರ್ತೈತಿ. ಯಾವುದು. ಆ ಮೂಲ್ಯಾಗಿನ ಫೋನ್ರಿ, ವೈರ್ ಕಿತ್ತು ಭಾಳ ವರ್ಷಾತು, ಖಾಲಿ ಬಿಟ್ಟ ದಿನ ಎರಡು ನಲವತ್ತಕ್ಕ ರಿಂಗಾಗ್ತೈತಿ. ಗೊಲ್ಲಾಳಪ್ಪ ಪೆನ್ನು ಕೇಳಿ ಪಡೆದ, ಆ ಎರಡು ಪದ ಹೊಡೆದುಹಾಕಿದ, ಬರೆದ — ಏಳನೇ ಟವರು, ಉತ್ತರವಿಲ್ಲ, ತೊಂಬತ್ಮೂರರ ಮೇ, ಅಂಬಾದಾಸ ಸತ್ತ ದಿನದ ಮೂರು ನಾಲ್ಕು ಐದು ಗಂಟೆ ನಾನು ಮುಂಚೆಯೇ ಬರೆದ ಸುಳ್ಳು, ಅವನು ಸತ್ತದ್ದು ಕರ್ತವ್ಯದಲ್ಲಿ, ಸಹಿ, ಗೊಲ್ಲಾಳಪ್ಪ. ಸರ್, ಬ್ಯಾಡ್ರಿ, ಎಂದ ಪವನ, ಅಷ್ಟರಲ್ಲಿ ಮೂಲೆಯ ಫೋನು ರಿಂಗಾಯಿತು, ನಿಂತಿತು, ಮತ್ತೆ ರಿಂಗಾಯಿತು, ಈ ಸಲ ಗೊಲ್ಲಾಳಪ್ಪ ಎತ್ತಿ ಕಿವಿಗೊತ್ತಿದ, ಆಚೆ ಕಡೆ ಉಸಿರೂ ಇಲ್ಲ, ಬರೀ ಒಂದು ಸಣ್ಣ ಟಕ್ ಟಕ್, ಅದು ಏನೆಂದು ಅವನಿಗೆ ಗೊತ್ತು, ಅಂಬಾದಾಸ ಸತ್ತ ಸಂಜೆ ಟವರು ಹತ್ತಿದವನು ತಾನೊಬ್ಬನೇ, ಅಲ್ಲಿ ಕಂಡದ್ದನ್ನು ಯಾರಿಗೂ ಹೇಳಿರಲಿಲ್ಲ, ಕಣ್ಣು ಮುಚ್ಚಿದಾಗಲೆಲ್ಲ ಅದೇ ನೋಟ, ವೈರಿನ ತುದಿಗೆ ಜೋತುಬಿದ್ದ ರಿಸೀವರು ಗೋಡೆಗೆ ತಾಗುತ್ತ ತೂಗುತ್ತಿತ್ತು, ಗಾಳಿ ಇರಲಿಲ್ಲ, ಎಲೆ ಅಲುಗುತ್ತಿರಲಿಲ್ಲ, ರಿಸೀವರು ತೂಗುತ್ತಿತ್ತು, ತೂಗುತ್ತಿತ್ತು —