ಕೈಮರದ ಪೀಪಿ

ಹುಟ್ಟಿದ ಕೂಸಿನ ನಾಲಿಗೆಗೆ ಜೇನುತುಪ್ಪ ಸವರುವುದು ನಿಮ್ಮಲ್ಲಿ ಪದ್ಧತಿ. ನನಗೆ ಸಿಕ್ಕಿದ್ದು ಮದ್ಯಸಾರದ ಹಬೆ. ಕಾರ್ಖಾನೆಯ ಮೇಜಿನ ಮೇಲೆ ನನ್ನನ್ನು ಮಲಗಿಸಿ, ಕನ್ನಡಕ ಹಾಕಿದ ಹೆಂಗಸೊಬ್ಬಳು ಅಳತೆ ಮಾಡಿದ ಹಬೆಯನ್ನು ಕೊಳವೆಯಿಂದ ನನ್ನ ಬಾಯಿಗೆ ಬಿಟ್ಟಳು. ನಾನು ಅದಕ್ಕೆ ಸರಿಯಾದ ಅಂಕಿ ತೋರಿಸಿದೆ. ಆಮೇಲೆ ಬರೀ ಗಾಳಿ ಬಿಟ್ಟಳು. ಸೊನ್ನೆ ತೋರಿಸಿದೆ. "ಪಾಸ್" ಎಂದು ಬೆನ್ನಿಗೆ ತಾರೀಖಿನ ಚೀಟಿ ಅಂಟಿಸಿದಳು. ಹೀಗೆ ಕುಡಿದೇ ಹುಟ್ಟಿದವನು ನಾನು. ಆದರೆ ಒಂದು ದಿನವೂ ತೂರಾಡಿದವನಲ್ಲ.

ನಾನು ಉಸಿರು ಪರೀಕ್ಷಿಸುವ ಯಂತ್ರ. ಕುಡಿದು ಗಾಡಿ ಓಡಿಸುವವರನ್ನು ಹಿಡಿಯಲು ಪೊಲೀಸರು ಬಾಯಿಗೆ ಹಿಡಿಯುತ್ತಾರಲ್ಲ, ಅದೇ. ಗಾತ್ರದಲ್ಲಿ ಒಂದು ಸೋಪಿನ ಡಬ್ಬಿಯಷ್ಟು. ನನಗೆ ದೊಡ್ಡ ಹೆಸರೊಂದು ಇದೆ, ಆದರೆ ನಾನು ಬಾಳಿದ ಮಂಡ್ಯದ ಕಡೆ ಆ ಹೆಸರಿನಿಂದ ನನ್ನನ್ನು ಯಾರೂ ಕರೆಯಲಿಲ್ಲ. ಎಲ್ಲರ ಬಾಯಲ್ಲೂ "ಊದೋ ಪೀಪಿ" ಆದೆ. ಮೊದಮೊದಲು ಸಿಟ್ಟು ಬರುತ್ತಿತ್ತು. ಜಾತ್ರೆಯ ಆಟಿಕೆಯೇ ನಾನು? ಆಮೇಲೆ ಒಗ್ಗಿಹೋಯಿತು.

ನನಗೆ ಗೊತ್ತಿರುವುದು ಒಂದೇ ವಿದ್ಯೆ. ಕಾಯಿದೆ ಒಂದು ಗೆರೆ ಎಳೆದಿದೆ, ನೂರು ಮಿಲಿಲೀಟರ್ ರಕ್ತಕ್ಕೆ ಮೂವತ್ತು ಮಿಲಿಗ್ರಾಂ ಮದ್ಯಸಾರ. ಅದನ್ನು ದಾಟಿದ ಉಸಿರು ಬಂದರೆ ಕೂಗುತ್ತೇನೆ, ಇಲ್ಲದಿದ್ದರೆ ಸುಮ್ಮನಿರುತ್ತೇನೆ. ಊದಿದವನು ಯಾರ ಮಗ, ಯಾರ ಅಳಿಯ, ಯಾವ ಪಕ್ಷ ಎಂಬುದು ನನಗೆ ತಿಳಿಯುವುದಿಲ್ಲ. ತಿಳಿಯುವಂತೆ ನನ್ನನ್ನು ಮಾಡಿಲ್ಲ, ಅದೇ ನನ್ನ ಪುಣ್ಯ.

ಸಣ್ಣ ಊರಿನ ಪೊಲೀಸ್ ಠಾಣೆಗೆ ಬಂದ ಮೇಲೆ ಒಂದು ವರ್ಷ ಬೀರುವಿನಲ್ಲೇ ಕೊಳೆತೆ. ನನ್ನನ್ನು ಹೊರಗೆ ತೆಗೆದರೆ ಅರ್ಧ ಊರು ನೆಂಟಸ್ತನ ಹೇಳಿಕೊಂಡು ಠಾಣೆಯ ಮುಂದೆ ನಿಲ್ಲುತ್ತದೆ ಎಂದು ಎಲ್ಲರಿಗೂ ಗೊತ್ತಿತ್ತು. ಆಮೇಲೆ ದಫೇದಾರ್ ಸೋಮಶೇಖರಪ್ಪನವರ ಕೈಗೆ ಬಂದೆ. ಒಳ್ಳೆಯ ಮನುಷ್ಯ, ಬಲು ಮೆತ್ತಗೆ. "ಇದೊಂದ್ಸಲ ಹೋಗಪ್ಪ" ಎನ್ನುವುದು ಅವರ ಕಾಯಿದೆ. ಅವರ ಕಾಲದಲ್ಲಿ ಈ ಸೀಮೆಯ ಕುಡುಕರ ಉಪಾಯಗಳೆಲ್ಲ ನನಗೆ ಪರಿಚಯವಾದವು. ಸೀಬೆ ಎಲೆ ಅಗಿದು ಬರುವವರು, ಹಸಿ ಈರುಳ್ಳಿ ಕಚ್ಚಿ ಬರುವವರು, ಕೆನ್ನೆ ಊದಿಸಿ ಗಾಳಿಯನ್ನು ಮಾತ್ರ ಒಳಗೇ ಇಟ್ಟುಕೊಳ್ಳುವವರು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ. ಉಸಿರು ಬರುವುದು ಬಾಯಿಂದಲ್ಲ, ಎದೆಯಿಂದ ಎಂದು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಸೋಮಶೇಖರಪ್ಪ ನನಗೆ ಪ್ರತಿ ವರ್ಷ ಆಯುಧಪೂಜೆಯಲ್ಲಿ ಭಕ್ತಿಯಿಂದ ಪೂಜೆ ಮಾಡಿದರು. ಜೀಪು, ಬಂದೂಕುಗಳ ಪಕ್ಕ ನನ್ನನ್ನೂ ಕೂರಿಸಿ, ಗಂಧ ಬಳಿದು, ಮೇಲೆ ಕುಂಕುಮ ಮೆತ್ತಿ, ಹೂ ಏರಿಸಿದರು. ದೇವರ ಕುಂಕುಮವನ್ನು ಒರೆಸುವುದುಂಟೇ? ಅದು ಹಾಗೇ ಒಣಗಿ ಗಟ್ಟಿಯಾಯಿತು. ಕೊನೆಯ ವರ್ಷ ಅದು ನನ್ನ ಬೆನ್ನಿಗೆ ಹೊಸದಾಗಿ ಹಾಕಿಸಿದ್ದ ಚೀಟಿಯ ಮೇಲೆಯೇ ಒಣಗಿತು ಎಂಬುದನ್ನು ಯಾರೂ ನೋಡಲಿಲ್ಲ.

ಅವರು ವರ್ಗವಾಗಿ ಹೋದಾಗ ನನ್ನನ್ನು ವಹಿಸಿಕೊಂಡವರು ಎಎಸ್‌ಐ ದೇವೀರಮ್ಮ. ಕಾನ್‌ಸ್ಟೇಬಲ್ಲಾಗಿ ಸೇರಿ, ಇಪ್ಪತ್ತೈದು ವರ್ಷ ಸವೆಸಿ ಹೆಗಲ ಮೇಲಿನ ಒಂದು ನಕ್ಷತ್ರ ಸಂಪಾದಿಸಿದ್ದ ಹೆಂಗಸು. ಕುಳ್ಳಗೆ, ದಪ್ಪ ಕೈ, ಮಾತು ಕಡಿಮೆ. ಹೊಂಗೆಮರದ ಕೈಮರದಲ್ಲಿ, ಅಂದರೆ ನಾಲ್ಕು ಊರಿನ ದಾರಿ ಕೂಡುವ ಜಾಗದಲ್ಲಿ, ಮೊದಲ ದಿನವೇ ಒಂದು ಬಿಳಿ ಕಾರು ನಿಲ್ಲಿಸಿದರು. ಮಟಮಟ ಮಧ್ಯಾಹ್ನ. ಅವನು ಊದಿದ, ನೂರಾ ನಲವತ್ತೆರಡು. "ಇಲ್ಲೇ ದಂಡ ಕಟ್ಬಿಡ್ತೀನಿ ಮೇಡಂ" ಎಂದ. "ಇದು ಇಲ್ಲಿ ತೀರೋ ದಂಡ ಅಲ್ಲಪ್ಪ. ಕೋರ್ಟಿಗೆ ಬಾ" ಎಂದರು ದೇವೀರಮ್ಮ. ಆ ದಿನ ನನಗೆ ಹುಟ್ಟಿದ್ದು ಸಾರ್ಥಕ ಎನ್ನಿಸಿತು.

ಎಂಟು ತಿಂಗಳ ಮೇಲೆ ಕೋರ್ಟಿಗೆ ನಾನೂ ಹೋದೆ. ಅವನ ಕಡೆಯ ವಕೀಲರು ನನ್ನನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿದರು. ಜೇಬಿನಿಂದ ಕರವಸ್ತ್ರ ತೆಗೆದು ಕುಂಕುಮವನ್ನು ಮೆಲ್ಲಗೆ ಉಜ್ಜಿದರು. ಕೆಳಗಿದ್ದ ತಾರೀಖು ಕಾಣಿಸಿತು. ವರ್ಷಕ್ಕೊಮ್ಮೆ ನನ್ನ ಅಳತೆ ಸರಿಯಿದೆಯೇ ಎಂದು ಪರೀಕ್ಷೆ ಮಾಡಿಸಿ ಹೊಸ ಚೀಟಿ ಹಾಕಿಸಬೇಕಿತ್ತು. ಆ ಮಧ್ಯಾಹ್ನಕ್ಕೆ ಅವಧಿ ಮುಗಿದು ಹನ್ನೊಂದು ದಿನವಾಗಿತ್ತು. "ತಕ್ಕಡಿಗೆ ಪೂಜೆ ಮಾಡಿದ್ದಾರೆ ಸ್ವಾಮಿ, ಮುದ್ರೆ ಹಾಕಿಸಿಲ್ಲ" ಎಂದರು ವಕೀಲರು. ಕಾರಿನವನು ಬಿಡುಗಡೆಯಾದ. ನನ್ನ ಅಂಕಿ ಸುಳ್ಳಾಗಿರಲಿಲ್ಲ, ಆದರೆ ಅದು ಸತ್ಯವೆಂದು ತೋರಿಸಲು ನನ್ನ ಬಳಿ ಏನೂ ಇರಲಿಲ್ಲ. ದೇವೀರಮ್ಮ ಹೊರಗಿನ ಮೆಟ್ಟಿಲ ಮೇಲೆ ಬಹಳ ಹೊತ್ತು ಕೂತಿದ್ದರು.

ಮರುತಿಂಗಳು ಅದೇ ಬಿಳಿ ಕಾರು ಅದೇ ಕೈಮರದಲ್ಲಿ, ಡೇರಿಗೆ ಹಾಲು ಹಾಕಿ ಬರುತ್ತಿದ್ದ ಮಂಚಮ್ಮನ ಮೇಲೆ ಹರಿಯಿತು. ಅಷ್ಟರಲ್ಲಿ ನನಗೆ ಹೊಸ ಚೀಟಿ ಬಂದಿತ್ತು. ಅವನು ಊದಿದ, ನೂರಾ ಅರವತ್ತೆಂಟು. ಈ ಸಲ ಯಾವ ವಕೀಲರಿಂದಲೂ ಅವನನ್ನು ಬಿಡಿಸಲಾಗಲಿಲ್ಲ. ಆದರೆ ಮಂಚಮ್ಮ ಎದ್ದು ಬರಲಿಲ್ಲ. ಚಪ್ಪಟೆಯಾದ ಹಾಲಿನ ಕ್ಯಾನನ್ನು ದೇವೀರಮ್ಮ ಎರಡೂ ಕೈಯಲ್ಲಿ ಎತ್ತಿ ಜೀಪಿಗೆ ಇಟ್ಟರು. ನನಗೆ ಅಷ್ಟು ನಾಚಿಕೆ ಯಾವತ್ತೂ ಆಗಿರಲಿಲ್ಲ.

ಠಾಣೆಗೆ ಬಂದವರೇ ಒದ್ದೆ ಬಟ್ಟೆಯಿಂದ ನನ್ನ ಮೈಯ ಉಳಿದ ಕುಂಕುಮವನ್ನೆಲ್ಲ ತಿಕ್ಕಿ ತೆಗೆದರು. "ಇನ್ಮೇಲೆ ನಿನಗೆ ತಾರೀಖು ನೋಡೋದೇ ಪೂಜೆ" ಎಂದರು. ನನ್ನೊಡನೆ ಅವರು ಆಡಿದ ಮೊದಲ ಮಾತು ಅದು. ಅಂದಿನಿಂದ ಅವರದು ಒಂದೇ ಹಟ. ಮೊದಲು ತಾರೀಖು ನೋಡುವುದು. ಆಮೇಲೆ ಚಾಲಕನ ಕಣ್ಣೆದುರೇ ಹೊಸ ಕೊಳವೆಯ ಕವರು ಹರಿಯುವುದು, ನಾನು ಸೊನ್ನೆಯಲ್ಲಿದ್ದೇನೆ ಎಂದು ಅವನಿಗೆ ತೋರಿಸುವುದು, ಬಾಯಿ ಮುಕ್ಕಳಿಸಲು ನೀರು ಕೊಟ್ಟು ಹದಿನೈದು ನಿಮಿಷ ಕಾಯುವುದು. ಎಮ್ಮೆ ಹಾಲು ಕರೆಯುವವರ ಹಾಗೆ ಒಂದೂ ಬಿಡದೆ, ಅವಸರವಿಲ್ಲದೆ ಮಾಡುತ್ತಿದ್ದರು. ಬೈದವರಿದ್ದರು, ಶಾಪ ಹಾಕಿದವರಿದ್ದರು. ಅವರು ಹಿಡಿದ ಕೇಸು ಮತ್ತೆ ಬಿದ್ದದ್ದಿಲ್ಲ.

ಹೀಗಿರುವಾಗ ಅವರ ಒಬ್ಬಳೇ ಮಗಳು ಚಂದನಾಳ ಮದುವೆಯಾಯಿತು. ಗಂಡಿನ ತಂದೆ ಕಾಳೇನಹಳ್ಳಿಯ ಮರಿಚನ್ನೇಗೌಡರು, ಸ್ವಂತ ಟೆಂಪೊ ಇಟ್ಟುಕೊಂಡು ತಾವೇ ಓಡಿಸುವವರು. ಮದುವೆಯಾದ ನಾಲ್ಕನೇ ದಿನ ಹೆಣ್ಣಿನ ಮನೆಯಲ್ಲಿ ಬೀಗರ ಊಟ. ಈ ಸೀಮೆಯಲ್ಲಿ ಬೀಗರ ಊಟ ಎಂದರೆ ಬಾಡೂಟ. ಊಟದ ಪಂಕ್ತಿ ಮನೆ ಮುಂದೆ, ಬಾಟಲಿಯ ಪಂಕ್ತಿ ಮನೆ ಹಿಂದೆ. ಅದಿಲ್ಲದಿದ್ದರೆ ಬೀಗರಿಗೆ ಮರ್ಯಾದೆ ಮಾಡಲಿಲ್ಲ ಎಂದೇ ಲೆಕ್ಕ. ದೇವೀರಮ್ಮ ಬೇಡವೆಂದು ಗಂಡನಿಗೆ ಹೇಳಿದ್ದರು, ಬೀಗರಿಗೂ ಕೈ ಮುಗಿದು ಕೇಳಿಕೊಂಡಿದ್ದರು. ಎಲ್ಲರೂ ತಲೆಯಾಡಿಸಿದ್ದರು. ಅರ್ಧ ದಿನದ ರಜೆ ಮಾತ್ರ ಸಿಕ್ಕಿತ್ತು. ಬಡಿಸುವುದನ್ನು ಮುಗಿಸಿ, ರೇಷ್ಮೆ ಸೀರೆ ಬಿಚ್ಚಿ ಖಾಕಿ ತೊಟ್ಟು, ಮೂರು ಗಂಟೆಗೆ ಕೈಮರಕ್ಕೆ ಬಂದರು.

ಬಂದ ಅರ್ಧ ಗಂಟೆಗೇ ಗಂಡ ಪುಟ್ಟರಾಜುವಿನ ಫೋನು. ನಾನು ಅವರ ತೊಡೆಯ ಮೇಲಿದ್ದೆ, ಎಲ್ಲವೂ ಕೇಳಿಸಿತು.

"ಲೇ, ಬೀಗ್ರು ಹೊರಟ್ರು. ನೀನು ಹೋದ್ಮೇಲೆ ವಸಿ ಹಾಕ್ಕಂಡವ್ರೆ. ಇವತ್ತೊಂದಿನ ಕೆರೆ ಏರಿ ರಸ್ತೆಗೆ ಹೋಗಿ ನಿಂತ್ಕೊ. ಮಗಳ ಬಾಳು ಕಣೆ."

"ಮಗಳು ಯಾವ ಗಾಡೀಲಿ ಬತ್ತಾವ್ಳೆ?"

"ಅದೇ ಟೆಂಪೊದಲ್ಲಿ."

"ಅದೇ ಮತ್ತೆ" ಎಂದು ಫೋನ್ ಇಟ್ಟರು. ನನ್ನ ಬೆನ್ನು ತಿರುಗಿಸಿ ತಾರೀಖು ನೋಡಿದರು. ನಾಲ್ಕು ದಿನದ ಮದುಮಗಳು, ಆ ಮನೆಯಲ್ಲಿ ಬದುಕಬೇಕಾದವಳು. ಇಂದು ಬೀಗರನ್ನು ಹಿಡಿದರೆ ಆ ಹುಡುಗಿ ನಾಳೆಯಿಂದ ಯಾರ ಮುಖ ನೋಡಬೇಕು? ಬಿಟ್ಟರೆ, ಮುಂದಿನ ತಿರುವು ದಾಟುವವರೆಗೆ ಯಾರು ಹೊಣೆ? ಎಲ್ಲಿಗಾದರೂ ಹೋಗಿಬಿಡಿ ಎಂದು ನನಗೂ ಒಂದು ಗಳಿಗೆ ಅನ್ನಿಸಿತು, ಸುಳ್ಳೇಕೆ ಹೇಳಲಿ. ಅವರು ಏಳಲಿಲ್ಲ. ಟೆಂಪೊ ಕಂಡಾಗ ಮಾತ್ರ ಎದ್ದು ರಸ್ತೆಯ ನಡುವೆ ನಿಂತು ಕೈ ಅಡ್ಡ ಹಿಡಿದರು.

"ಏನ್ ಬೀಗ್ರೇ, ಗಂಟೆ ಮುಂಚೆ ರೇಷ್ಮೆ ಸೀರೆ ಉಟ್ಕಂಡು ಮುದ್ದೆ ಬಡಿಸಿದ್ರಿ. ಈಗ ನಮಗೇ ಕೈ ಅಡ್ಡ ಹಾಕ್ತೀರಾ?" ಮರಿಚನ್ನೇಗೌಡರು ನಗುತ್ತಲೇ ಕೇಳಿದರು. ಹಿಂದೆ ಹದಿನಾಲ್ಕು ಜನ ನೆಂಟರು.

"ಸೀರೇಲಿದ್ದಾಗ ನಿಮ್ಮನ್ನ ಊದಿ ಅನ್ನೋ ಹಕ್ಕು ನಂಗಿರ್ಲಿಲ್ಲ ಬೀಗ್ರೇ. ಕೈ ಮುಗಿದು ಕೇಳಿದ್ದೆ, ಅಷ್ಟೆ. ಈಗ ಖಾಕೀಲಿವ್ನಿ. ಇಳೀರಿ."

"ಊದಲ್ಲ ಅಂದ್ರೆ?"

"ಆಸ್ಪತ್ರೆಗೆ ಕರ್ಕೊಂಡೋಯ್ತೀನಿ. ಡಾಕ್ಟ್ರು ರಕ್ತ ತೆಗೀತಾರೆ. ಇಲ್ಲಾ ಇದು, ಇಲ್ಲಾ ಅದು. ಮೂರನೇ ದಾರಿ ಇಲ್ಲ."

ನೆಂಟರು ಗಲಾಟೆ ಎಬ್ಬಿಸಿದರು. "ಹೆಣ್ಣು ಕೊಟ್ಟೋರು ಹಿಂಗಾ ಮಾಡೋದು?" ಎಂದು ಯಾರೋ ಕೂಗಿದರು. ಚಂದನಾ ಕಿಟಕಿಯಿಂದ ತಾಯಿಯನ್ನು ನೋಡಿದಳು. ಕಣ್ಣು ತುಂಬಿತ್ತು, ಅದು ಅವಮಾನಕ್ಕೋ ಭಯಕ್ಕೋ ನನಗೆ ತಿಳಿಯಲಿಲ್ಲ. ದೇವೀರಮ್ಮ ಬೀಗರಿಗೆ ನೀರು ಕೊಟ್ಟರು. ಹದಿನೈದು ನಿಮಿಷ ಕಾದರು. ಆ ಹದಿನೈದು ನಿಮಿಷ ನನ್ನ ಆಯುಸ್ಸಿನಲ್ಲೇ ಉದ್ದನೆಯದು. ಹೊಸ ಕೊಳವೆಯ ಕವರು ಹರಿದರು, ಸೊನ್ನೆ ತೋರಿಸಿದರು. ಬೀಗರು ಊದಿದರು. ದೇವೀರಮ್ಮನ ಕೈಯಿಂದಲೇ ಬಡಿಸಿದ ಬಾಡಿನ ಸಾರಿನ ಜೊತೆ ಬಂತು ಆ ಉಸಿರು. ನೂರಾ ಹನ್ನೆರಡು. ನಾನು ಕೂಗಿದೆ. ಕೂಗದೆ ಇರಲು ನನಗೆ ಬರುವುದಿಲ್ಲ.

ದೇವೀರಮ್ಮ ಕೇಸು ಬರೆದು, ಲೈಸೆನ್ಸು ತೆಗೆದುಕೊಂಡರು. ಈಗ ಟೆಂಪೊ ಓಡಿಸುವವರು ಯಾರು? ಓಡಿಸಲು ಬರುವ ಮೂವರನ್ನು ಊದಿಸಿದರೆ ಮೂವರಿಗೂ ನಾನು ಕೂಗಿದೆ. ಅಷ್ಟರಲ್ಲಿ ಪಾತ್ರೆ, ಕೊಪ್ಪರಿಗೆ ತುಂಬಿಕೊಂಡು ಆ ಊಟಕ್ಕೆ ಅಡುಗೆ ಮಾಡಿದ್ದ ದಸ್ತಗೀರ್ ಸಾಬರ ಗೂಡ್ಸ್ ಆಟೊ ಹಿಂದಿನಿಂದ ಬಂತು. "ನಾನು ಬಿಟ್ಬತ್ತೀನಿ ಅಕ್ಕಾ" ಎಂದು ಆಟೊವನ್ನು ಮರದ ನೆರಳಿಗೆ ನಿಲ್ಲಿಸಿ ಇಳಿದರು ಸಾಬರು. ಅವರದು ಸೊನ್ನೆ. ಬೀಗರ ಕೈಯಿಂದ ಕೀ ಇಸಿದುಕೊಂಡು, "ಗೌಡ್ರೇ, ಮುಂದಿನ ಸಲ ಕೀ ಇರೋನಿಗೆ ಮೊದಲ ಪಂಕ್ತೀಲಿ ಊಟ ಹಾಕ್ಸಿ. ಮಜ್ಜೆ ತುಂಬಿರೋ ನಲ್ಲಿ ಮೂಳೆ ಅವನ ಎಲೆಗೆ ನಾನೇ ಹಾಕ್ತೀನಿ. ಬಾಟ್ಲಿ ಕಡೆ ಹೋಗ್ದೆ ಇದ್ದಿದ್ದಕ್ಕೆ ಅದೇ ಸಂಬಳ" ಎಂದರು. ಯಾರೂ ನಗಲಿಲ್ಲ. ಟೆಂಪೊ ಹೊರಟುಹೋಯಿತು.

ಗೌಡರು ಕೋರ್ಟಿನಲ್ಲಿ ತಪ್ಪೊಪ್ಪಿ ಹತ್ತು ಸಾವಿರ ದಂಡ ಕಟ್ಟಿದರು. ಲೈಸೆನ್ಸು ಆರು ತಿಂಗಳು ಅಮಾನತಾಯಿತು. ಊರಿನ ಬಸ್ಸಿಗೆ ಕಾಯುತ್ತ ನಿಂತದ್ದು ಅವರಿಗೆ ದಂಡಕ್ಕಿಂತ ಹೆಚ್ಚು ಚುಚ್ಚಿತಂತೆ. ಆ ವರ್ಷ ಆಷಾಢಕ್ಕೆ ಚಂದನಾಳನ್ನು ತವರಿಗೆ ಕಳಿಸಲಿಲ್ಲ. ಮೊಮ್ಮಗಳು ಹುಟ್ಟಿದಾಗ ನೋಡಲು ಹೋದ ದೇವೀರಮ್ಮನನ್ನು ಕಂಡು ಬೀಗರು ಜಗಲಿಯಿಂದ ಎದ್ದು ಒಳಗೆ ಹೋದರು. ಮಾತು ನಿಂತು ಮೂರು ವರ್ಷವಾಯಿತು. ಕೆಲವು ಮಧ್ಯಾಹ್ನ ದೇವೀರಮ್ಮ ನನ್ನನ್ನು ಒರೆಸುತ್ತ, "ನಿಂದೇನು ತಪ್ಪಿಲ್ಲ ಬುಡು. ನಂದೂ ಇಲ್ಲ" ಎನ್ನುತ್ತಿದ್ದರು. ಒರೆಸುವುದು ಮುಗಿದ ಮೇಲೂ ಒರೆಸುತ್ತಲೇ ಇರುತ್ತಿದ್ದರು. ನಾನು ಬಾಯಿದ್ದೂ ಮಾತು ಬಾರದವನು. ಬಂದಿದ್ದರೆ ಆ ಹೆಂಗಸಿನ ಪರವಾಗಿ ಕಾಳೇನಹಳ್ಳಿಯ ನಡುಬೀದಿಯಲ್ಲಿ ನಿಂತು ಜಗಳವಾಡುತ್ತಿದ್ದೆ.

ದೇವೀರಮ್ಮನ ನೌಕರಿಯ ಕೊನೆಯ ದಿನ ಬಂತು. ಠಾಣೆಯಲ್ಲಿ ಸಂಜೆ ಹಾರ, ಶಾಲು ಇಟ್ಟುಕೊಂಡಿದ್ದರು. "ಇವತ್ತಾದ್ರೂ ಕುಂತ್ಕಳಿ ಅಮ್ಮ" ಎಂದರು ಹುಡುಗರು. ಕೇಳಬೇಕಲ್ಲ! ನನ್ನ ತಾರೀಖು ನೋಡಿ, ಕೈಮರಕ್ಕೆ ಬಂದು ನಿಂತರು. ನಾಲ್ಕು ಗಂಟೆಯ ಹೊತ್ತಿಗೆ ಕಾಳೇನಹಳ್ಳಿಯ ಟೆಂಪೊ ಕಾಣಿಸಿತು. ಯಾರದೋ ಬೀಗರ ಊಟದಿಂದ ಬರುತ್ತಿತ್ತು. ಹಿಂದೆ ನೆಂಟರ ಹಾಡು ಮುಗಿಲು ಮುಟ್ಟಿತ್ತು. ದೇವೀರಮ್ಮ ಎಲ್ಲ ಗಾಡಿಗಳಿಗೆ ಹಿಡಿದ ಹಾಗೆ ಅದಕ್ಕೂ ಕೈ ಹಿಡಿದರು.

ಮರಿಚನ್ನೇಗೌಡರು ಇಳಿದರು. ಮುಖ ನೋಡಲಿಲ್ಲ. ಯಾರೂ ಹೇಳುವ ಮೊದಲೇ ನೀರಿನ ಬಾಟಲಿಗೆ ಕೈ ಚಾಚಿ ಬಾಯಿ ಮುಕ್ಕಳಿಸಿದರು. ಹದಿನೈದು ನಿಮಿಷ ಇಬ್ಬರೂ ಹೊಂಗೆ ಮರದ ಕೆಳಗೆ, ಒಬ್ಬರು ಆ ಕಡೆ, ಒಬ್ಬರು ಈ ಕಡೆ ನೋಡುತ್ತ ನಿಂತಿದ್ದರು. ಆಮೇಲೆ ಅವರು ಎದೆ ತುಂಬ ಉಸಿರೆಳೆದು ಊದಿದರು. ಉಸಿರು ಮುಗಿಯುವವರೆಗೂ ಊದಿದರು. ಇಷ್ಟು ಉದ್ದದ, ಇಷ್ಟು ಶುದ್ಧವಾದ ಉಸಿರನ್ನು ನಾನು ಕಂಡಿರಲಿಲ್ಲ. ನನ್ನ ಹಳೆಯ ಪರದೆಯ ಮೇಲೆ ಸೊನ್ನೆ ಮೂಡಿತು.

"ಆಯ್ತು, ಹೊರಡಿ" ಎಂದರು ದೇವೀರಮ್ಮ.

"ಬರೀರಿ."

"ಏನ್ ಬರೀಲಿ? ಸೊನ್ನೆಗೆ ಕೇಸಿಲ್ಲವಲ್ಲ."

"ಅವತ್ತು ನೂರಾ ಹನ್ನೆರಡು ಬರ್ಕಂಡ್ರಿ. ಇವತ್ತು ಸೊನ್ನೆ ಬರ್ಕಳಿ ಬೀಗ್ರೇ. ಲೈಸೆನ್ಸು ವಾಪಸ್ ಬಂದಾಗಿಂದ, ಊಟಕ್ಕೆ ಹೋಗೋ ನಮ್ಮೂರಿನ ಗಾಡಿ ಕೀ ಎಲ್ಲ ನನ್ ಜೇಬಲ್ಲೇ ಅವೆ. ದಸ್ತಗೀರ್ ಸಾಬ್ರು ನಲ್ಲಿ ಮೂಳೆ ಹಾಕೀ ಹಾಕೀ ಸಾಕಾದ್ರು. ಹೆಂಗಪ್ಪಾ ಬಂದು ಹೇಳದು ಅಂತ ಈ ದಾರೀಲೇ ಬರ್ತಿರ್ಲಿಲ್ಲ. ನಾಳೆಯಿಂದ ನೀವಿರಲ್ಲ ಅಂತ ಚಂದನಾ ಅಂದ್ಲು."

ದೇವೀರಮ್ಮ ರಿಜಿಸ್ಟರ್ ತೆಗೆದು, ತೊಡೆಯ ಮೇಲಿಟ್ಟುಕೊಂಡು ಬರೆದರು. ಮೇಲೆ ರಸ್ತೆಯ ಹೆಸರು, ಕೆಳಗೆ ಗೌಡರ ಹೆಸರು, ಗಾಡಿಯ ನಂಬರು, ಹೊತ್ತು, ಸೊನ್ನೆ. ಹನಿ ಬಿದ್ದು ಶಾಯಿ ಹರಡಿತು, ಆದರೂ ಅಂಕಿ ಚೆನ್ನಾಗಿಯೇ ಕಾಣುತ್ತಿತ್ತು. ಗೌಡರು ಕೆಳಗೆ ರುಜು ಹಾಕಿದರು.

ಈಗ ನಾನು ಮತ್ತೆ ಬೀರುವಿನ ಮೇಲಿನ ಹಲಗೆಯಲ್ಲಿದ್ದೇನೆ. ಹೊಸ ಯಂತ್ರ ಬಂದಿದೆ, ಅದು ಫೋಟೊ ತೆಗೆಯುತ್ತದೆ, ಚೀಟಿ ಮುದ್ರಿಸುತ್ತದೆ. ತೆಗೆಯಲಿ. ನನ್ನ ತಾರೀಖು ಮುಗಿದು ಎರಡು ವರ್ಷವಾಯಿತು, ಇನ್ನು ನನ್ನ ಮಾತು ಯಾವ ಕೋರ್ಟಿನಲ್ಲೂ ನಡೆಯುವುದಿಲ್ಲ. ನನ್ನ ಪಕ್ಕದಲ್ಲೇ ಆ ರಿಜಿಸ್ಟರ್ ಇದೆ. ಸಾವಿರಾರು ಜನರ ಮೇಲೆ ನಾನು ಕೂಗಿದ್ದೇನೆ, ಒಂದಕ್ಕೂ ಪಶ್ಚಾತ್ತಾಪವಿಲ್ಲ. ಆದರೆ ಕೂಗುವುದು ನನಗೆ ಯಾವತ್ತೂ ಇಷ್ಟವಿರಲಿಲ್ಲ ಎಂದರೆ ನೀವು ನಂಬಬೇಕು. ಕಾರ್ಖಾನೆಯ ಮೇಜಿನ ಮೇಲೆ ನಾನು ಸುಮ್ಮನಿರುವುದನ್ನೂ ಕಲಿತು ಬಂದಿದ್ದೆ. ಗೌಡರು ರುಜು ಹಾಕಿದ ಪುಟದಲ್ಲಿ ನನ್ನ ಆ ಸುಮ್ಮನಿರುವಿಕೆ ಒಮ್ಮೆ ದಾಖಲಾಗಿದೆ, ಮಂಚಮ್ಮ ನಡೆದುಬರುತ್ತಿದ್ದ ಅದೇ ರಸ್ತೆಯ ಹೆಸರಿನ ಕೆಳಗೆ.