ಮಾರ್ತಾಳ ಆಕಾಶ

ಓರಿನ್ ಟಲ್ಲಿ ಮೇಷ್ಟ್ರು ತರಗತಿಯಲ್ಲಿ ಕೈಕಟ್ಟಿ ನಿಲ್ಲುವ ಜಾತಿಯವರಲ್ಲ. ಹುಡುಗರ ಕೈಯಿಂದ ಕುಂಚ ಕಿತ್ತುಕೊಂಡು ಅವರ ಚಿತ್ರದ ಮೇಲೆಯೇ ತಿದ್ದುವುದು ಅವರ ಪಾಠ. ಪೆನ್ಸಿಲ್ವೇನಿಯಾದ ಆ ಉಕ್ಕಿನ ಊರು ಅದನ್ನೇ ದೊಡ್ಡ ವಿದ್ಯೆ ಎಂದು ನಂಬಿತ್ತು. ಅವರ ಚಿತ್ರಗಳು ಫಿಲಡೆಲ್ಫಿಯಾದಲ್ಲಿ ಗೋಡೆ ಹತ್ತಿದ್ದವು, ಎದುರಾಡುವವರು ಯಾರು?

ಎಪ್ಪತ್ತು ದಾಟಿದ ಮೇಲೆ ಊರಿನವರು ಅವರ ಜೀವಮಾನದ ಚಿತ್ರಗಳನ್ನೆಲ್ಲ ಕೂಡಿಸಿ ಪ್ರದರ್ಶನ ಇಟ್ಟರು. ಸಾಲಾಗಿ ತೂಗಿದ ತಮ್ಮದೇ ಆಕಾಶಗಳನ್ನು ಮೇಷ್ಟ್ರು ಒಂದೊಂದಾಗಿ ನೋಡುತ್ತ ನಡೆದರು. ಎಲ್ಲ ಒಂದೇ ನೀಲಿ. ಅವನ್ನು ಬರೆದ ಕಾಲದಲ್ಲಿ ಊರಿನ ಮೇಲೆ ಅಂಥ ನೀಲಿ ಇರಲೇ ಇಲ್ಲ, ಬರೀ ಕುಲುಮೆಯ ಹೊಗೆ. ಅದನ್ನು ಕಂಡಂತೆ ಬರೆದವಳು ಒಬ್ಬಳೇ: ಆಗ ಅವರ ತರಗತಿಯಲ್ಲಿದ್ದ, ಕುಲುಮೆ ಕೆಲಸಗಾರನ ಮಗಳು ಮಾರ್ತಾ ಹುದಾಕ್. ಕಿತ್ತಳೆ, ಮಸಿ, ಹಳಸಿದ ಹಸಿರು. ಆಕಾಶ ಎಲ್ಲಾದರೂ ಹೀಗಿರುತ್ತದೇನೇ ಎಂದು ನಗಾಡಿ, ಅವಳ ಬಣ್ಣ ಆರುವ ಮುಂಚೆಯೇ ಮೇಷ್ಟ್ರು ತಮ್ಮ ನೀಲಿ ಬಳಿದಿದ್ದರು. ಚಿತ್ರಕ್ಕೆ ಬಹುಮಾನ ಬಂತು. ತೀರ್ಪುಗಾರರು ಹೊಗಳಿದ್ದು ಆಕಾಶವನ್ನು. ಮಾರ್ತಾ ಆಮೇಲೆ ಕುಂಚ ಮುಟ್ಟಲಿಲ್ಲ.

ಬಣ್ಣ ಕರಗಿಸುವ ದ್ರವದ ಸೀಸೆ, ಹತ್ತಿ, ಒಂದು ಕುಂಚ ಹಿಡಿದು ಮೇಷ್ಟ್ರು ಅವಳ ಮನೆಗೆ ಹೋದರು. ಅವಳು ಚರ್ಚಿನ ಶುಕ್ರವಾರದ ಮಾರಾಟಕ್ಕೆ ಆಲೂಗಡ್ಡೆ ತುಂಬಿದ ಕಡುಬು ಮಡಚುತ್ತಿದ್ದಳು. ತಲೆಗೂದಲು ನರೆತಿತ್ತು. ಬಹುಮಾನ ಬಂದ ಆ ಚಿತ್ರ ಅಡುಗೆಮನೆಯಲ್ಲೇ ತೂಗುತ್ತಿತ್ತು.

"ಮತ್ತೆ ತಿದ್ದೋಕೆ ಬಂದ್ರಾ ಮೇಷ್ಟ್ರೇ?"

"ಇಲ್ಲ ಕಣಮ್ಮ. ನಿನ್ನ ಆಕಾಶ ಅಡಿಯಲ್ಲೇ ಇದೆ. ನಂದನ್ನ ತೆಗೆದುಬಿಡ್ತೀನಿ."

ಅವಳು ಬೇಡ ಎನ್ನಲಿಲ್ಲ. ಕಡುಬು ಮಡಚುವುದನ್ನು ಮಾತ್ರ ನಿಲ್ಲಿಸಿದಳು.

ಮೇಷ್ಟ್ರು ಒಂದು ಮೂಲೆಯಲ್ಲಿ ಮೆಲ್ಲಗೆ ಉಜ್ಜಿದರು. ನೀಲಿ ಬಿಟ್ಟಿತು. ಅದರ ಜೊತೆಗೇ ಕಿತ್ತಳೆಯೂ ಕಿತ್ತು ಬಂತು. ಹಸಿಯ ಮೇಲೆ ಹಸಿ ಬಳಿದಿದ್ದರಲ್ಲ, ಎರಡೂ ಅಂದೇ ಕಲಸಿ ಒಂದೇ ಪದರವಾಗಿದ್ದವು. ಇನ್ನೊಂದು ಕಡೆ ಉಜ್ಜಿದರು. ಅಲ್ಲೂ ಕೆಸರು, ಕೆಸರಿನಡಿ ಬರಿಯ ಬಟ್ಟೆ. ಅಡಿಯಲ್ಲಿ ಯಾವ ಆಕಾಶವೂ ಇರಲಿಲ್ಲ. ಹಸಿ ಬಣ್ಣ ಹೀಗೇ ಕಲೆತುಹೋಗುತ್ತದೆಂದು ಮಕ್ಕಳಿಗೆ ಹೇಳಿಕೊಟ್ಟವರು ಅವರೇ.

ಅವಳತ್ತ ಕುಂಚ ಚಾಚಿದರು. "ನೀನೇ ಬರಿ. ನಾನು ಮುಟ್ಟಲ್ಲ."

ಮಾರ್ತಾ ಕಿಟಕಿಯತ್ತ ಗಲ್ಲ ಎತ್ತಿ ತೋರಿಸಿದಳು. "ಏನಂತ ಬರೀಲಿ? ಕುಲುಮೆ ಮುಚ್ಚಿದ ಮೇಲೆ ಅದೂ ನಿಮ್ಮ ಆಕಾಶದ ಥರಾನೇ ಆಗೋಯ್ತಲ್ಲ."

ತಣ್ಣಗಿನ ಚಿಮಣಿಗಳ ಮೇಲೆ ಮೇಷ್ಟ್ರ ನೀಲಿ, ಒಂದು ಕಲೆಯಿಲ್ಲದೆ, ಹರಡಿಕೊಂಡಿತ್ತು.

"ಸ್ವಲ್ಪ ಸರೀರಿ," ಎಂದಳು ಅವಳು, "ಹಿಟ್ಟು ಒಣಗುತ್ತೆ."